ಮನೆಯಿಲ್ಲದವರಿಗೆ ಪಾಲಿಕೆಯ ಬೆಂಬಲ ವಸತಿ: ಕಡತದ ಕೊನೆಯ ಪುಟಗಳಲ್ಲಿ ಏನಿರಬೇಕು?

ಒಂದು ನಗರಪಾಲಿಕೆ ಅಂದುಕೊಳ್ಳಿ. ಯಾವ ದೇಶದ್ದಾದರೂ ಆಗಲಿ. ಸಾಮಾನ್ಯ ಸಭೆಯ ಮುಂದೆ ಒಂದು ಕಡತ ಬಂದಿದೆ. ಮುಚ್ಚಿಹೋದ ಹಳೇ ಹೋಟೆಲೊಂದನ್ನು ಕೊಂಡು, ರಿಪೇರಿ ಮಾಡಿಸಿ, ಬೀದಿಯಲ್ಲಿ ಮಲಗುವ 40 ಜನಕ್ಕೆ ಮನೆ ಮಾಡಿಕೊಡುವ ಯೋಜನೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಅಡುಗೆಮನೆ, ಬಚ್ಚಲು, ಕೂರುವ ಹಾಲ್ ಎಲ್ಲರಿಗೂ ಸೇರಿ. ಜೊತೆಗೆ ಹಗಲೂ ರಾತ್ರಿ ಸಿಬ್ಬಂದಿ.

ಸಭೆಯಲ್ಲಿ ಜಾಸ್ತಿ ಚರ್ಚೆ ಆಗುವುದು ಎರಡೇ ವಿಷಯಕ್ಕೆ: ಕಟ್ಟಡಕ್ಕೆ ಎಷ್ಟು ದುಡ್ಡು, ಅದು ಯಾವ ವಾರ್ಡಿನಲ್ಲಿ. ಎರಡೂ ಮುಖ್ಯವೇ. ಆದರೆ ಇಂಥ ಯೋಜನೆ ನಿಲ್ಲುವುದೋ ಬೀಳುವುದೋ ತೀರ್ಮಾನ ಆಗುವುದು ಬೇರೆ ಕಡೆ. ಆ ಕೋಣೆಯ ಮೇಲೆ ಅಲ್ಲಿರುವವರಿಗೆ ಹಕ್ಕೇನು? ಯಾವುದನ್ನು ಯಾರ ಜೊತೆ ಹಂಚಿಕೊಳ್ಳಬೇಕು? ಉದ್ಘಾಟನೆ ಮುಗಿದು ಮೂರನೇ ವರ್ಷಕ್ಕೆ ಸಿಬ್ಬಂದಿಯ ಸಂಬಳ ಯಾರು ಕೊಡುತ್ತಾರೆ? ಇವೆಲ್ಲ ಕಡತದ ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಇರುತ್ತವೆ. ಎಷ್ಟೋ ಸಲ ಇರುವುದೇ ಇಲ್ಲ.

ಮೊದಲು ಇದು ಏನಲ್ಲ ಎಂದು ನೋಡೋಣ. ಇದು ರಾತ್ರಿ ತಂಗುದಾಣ ಅಲ್ಲ. ತಂಗುದಾಣದಲ್ಲಿ ಸಿಗುವುದು ಆ ರಾತ್ರಿಗೊಂದು ಹಾಸಿಗೆ. ಬೆಳಗಾದರೆ ಬಹುತೇಕ ಕಡೆ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು. ಮಳೆ, ಚಳಿಯಲ್ಲಿ ಜೀವ ಉಳಿಸಲು ಅದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ನಮ್ಮದು ಅನ್ನುವ ವಿಳಾಸ ಇಲ್ಲ, ಔಷಧಿ ಇಟ್ಟುಕೊಳ್ಳಲು ಜಾಗ ಇಲ್ಲ, ರಾತ್ರಿಪಾಳಿ ಮುಗಿಸಿ ಬಂದವರು ಹಗಲು ನಿದ್ದೆ ಮಾಡುವ ಹಾಗಿಲ್ಲ. ಬೆಂಬಲ ವಸತಿ ಆಸ್ಪತ್ರೆಯೂ ಅಲ್ಲ, ಕುಡಿತ ಬಿಡಿಸುವ ಕೇಂದ್ರವೂ ಅಲ್ಲ. ಅದು ಮನೆ. ಬಾಡಿಗೆ ಕರಾರು ವಾಸಿಸುವವರ ಹೆಸರಿನಲ್ಲೇ ಇರುತ್ತದೆ. ಕೋಣೆಯ ಬೀಗದ ಕೈ ಅವರ ಜೇಬಿನಲ್ಲಿರುತ್ತದೆ. ಆದಾಯ ಇದ್ದವರು ಅದರಲ್ಲಿ ಒಂದು ಪಾಲನ್ನು ಬಾಡಿಗೆಯಾಗಿ ಕೊಡುತ್ತಾರೆ. ಅಮೆರಿಕದಲ್ಲಿ ಇದು ಸಾಮಾನ್ಯವಾಗಿ ಶೇ 30. ಸಹಾಯಕ್ಕೆ ಬರುವ ಸಿಬ್ಬಂದಿ ಅದೇ ಕಟ್ಟಡದಲ್ಲೋ ಹತ್ತಿರದಲ್ಲೋ ಇರುತ್ತಾರೆ.

ಮನೆ ಇಲ್ಲದ ಎಲ್ಲರಿಗೂ ಇದು ಬೇಕಾಗಿಲ್ಲ. ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ ಬೀದಿಗೆ ಬಂದವರಿಗೆ ಬೇಕಿರುವುದು ಕೈಗೆಟಕುವ ಬಾಡಿಗೆಯ ಮನೆ, ಮುಂಗಡಕ್ಕೆ ಒಂದಷ್ಟು ದುಡ್ಡು. ಅವರ ಬೆನ್ನಿಗೆ ಆಪ್ತಸಮಾಲೋಚಕರನ್ನು ಕಟ್ಟುವುದು ಸುಮ್ನೆ ದಂಡ. ವರ್ಷಗಟ್ಟಲೆ ಬೀದಿಯಲ್ಲಿದ್ದು, ಮಾನಸಿಕ ಕಾಯಿಲೆ, ಕುಡಿತ, ಅಂಗವಿಕಲತೆ, ವಾಸಿಯಾಗದ ರೋಗ ಇವುಗಳಲ್ಲಿ ಒಂದೋ ಎರಡೋ ಸೇರಿಕೊಂಡವರಿಗೆ ಈ ವಸತಿ.

ಮೊದಲು ಮನೆ, ಉಳಿದದ್ದು ಆಮೇಲೆ

ಹಿಂದೆಲ್ಲ ನಡೆಯುತ್ತಿದ್ದದ್ದು ಮೆಟ್ಟಿಲು ಪದ್ಧತಿ. ಮೊದಲು ತಂಗುದಾಣ. ಅಲ್ಲಿ ಸರಿಯಾಗಿ ನಡೆದುಕೊಂಡರೆ ತಾತ್ಕಾಲಿಕ ವಸತಿ. ಕುಡಿತ ಬಿಟ್ಟು, ಮಾತ್ರೆ ತೆಗೆದುಕೊಂಡು, ಎಲ್ಲ ನಿಯಮ ಪಾಲಿಸಿದರೆ ಕೊನೆಗೊಂದು ಮನೆ. ಕೇಳಲು ನ್ಯಾಯವಾಗೇ ಇದೆ. ಆದರೆ ಯಾರಿಗೆ ಮನೆ ಅತಿ ಹೆಚ್ಚು ಬೇಕೋ ಅವರೇ ಮೊದಲ ಮೆಟ್ಟಿಲಲ್ಲಿ ಜಾರಿ ಬೀಳುತ್ತಿದ್ದರು. ಫುಟ್‌ಪಾತಿನಲ್ಲಿ ಮಲಗಿಕೊಂಡು ಕುಡಿತ ಬಿಡುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವುದು ಎಷ್ಟು ಜನಕ್ಕೆ ಸಾಧ್ಯ?

1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನೋವಿಜ್ಞಾನಿ ಶುರುಮಾಡಿದ ಸಂಸ್ಥೆ ಇದನ್ನು ತಲೆಕೆಳಗು ಮಾಡಿತು. ಮೊದಲು ಮನೆ ಕೊಡಿ, ಷರತ್ತು ಹಾಕಬೇಡಿ, ಚಿಕಿತ್ಸೆಯ ಮಾತು ಆಮೇಲೆ. ಇದಕ್ಕೆ 'ಹೌಸಿಂಗ್ ಫಸ್ಟ್' ಎಂದು ಹೆಸರು. ಷರತ್ತಿಲ್ಲ ಅಂದರೆ ನಿಯಮವೇ ಇಲ್ಲ ಅಂತಲ್ಲ. ಬಾಡಿಗೆ ಕೊಡಬೇಕು, ಸಿಬ್ಬಂದಿ ನಿಗದಿಯಾಗಿ ಬಂದು ಭೇಟಿಯಾಗಲು ಒಪ್ಪಬೇಕು, ಪಕ್ಕದವರಿಗೆ ತೊಂದರೆ ಕೊಡಬಾರದು. ಸಿಬ್ಬಂದಿಯ ಭೇಟಿ ಒಂದನ್ನು ಬಿಟ್ಟರೆ ಎಲ್ಲ ಬಾಡಿಗೆದಾರರಿಗೂ ಇರುವ ನಿಯಮಗಳೇ ಇವು. ಮಾತ್ರೆ ಬೇಡ ಅಂದ ಮಾತ್ರಕ್ಕೆ ಮನೆ ಹೋಗುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲೇ.

ಕೆನಡಾದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಿದರು. 2009ರಿಂದ 2013ರವರೆಗೆ ವ್ಯಾಂಕೂವರ್, ವಿನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್ ಎಂಬ ಐದು ನಗರಗಳಲ್ಲಿ, 2,000ಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲು ಮನೆ, ಇನ್ನೊಂದಕ್ಕೆ ಊರಲ್ಲಿ ಇದ್ದ ಮಾಮೂಲಿ ಸೇವೆಗಳು. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಮೊದಲ ಗುಂಪಿನ ಶೇ 62 ಜನ ಪೂರ್ತಿ ಸಮಯ ಮನೆಯಲ್ಲೇ ಇದ್ದರು. ಎರಡನೇ ಗುಂಪಿನಲ್ಲಿ ಈ ಪ್ರಮಾಣ ಶೇ 31.

ಜನರಿಗೆ ಒಪ್ಪಲು ಕಷ್ಟವಾಗುವ ಉದಾಹರಣೆ ಅಮೆರಿಕದ ಸಿಯಾಟಲ್‌ನದು. 2005ರಲ್ಲಿ ಅಲ್ಲಿ '1811 ಈಸ್ಟ್‌ಲೇಕ್' ಎಂಬ 75 ಜನರ ವಸತಿ ತೆರೆಯಿತು. ಬಂದವರು ವರ್ಷಗಳಿಂದ ಕುಡಿತಕ್ಕೆ ಬಿದ್ದು ಬೀದಿಯಲ್ಲಿದ್ದವರು. ಅವರು ತಮ್ಮ ಕೋಣೆಯಲ್ಲಿ ಕುಡಿಯಬಹುದಿತ್ತು. ಸಾರ್ವಜನಿಕ ದುಡ್ಡಿನಲ್ಲಿ ಕುಡುಕರಿಗೆ ಮನೆಯೇ ಎಂದು ಗಲಾಟೆಯೂ ಆಯಿತು, ಕೋರ್ಟಿಗೂ ಹೋಯಿತು. 2009ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದರ ಅಧ್ಯಯನ ಪ್ರಕಟವಾಯಿತು. ಜೈಲು, ಆಸ್ಪತ್ರೆ, ತುರ್ತು ಸೇವೆ ಎಲ್ಲ ಸೇರಿ ಒಬ್ಬರ ಮೇಲೆ ತಿಂಗಳಿಗೆ 4,066 ಡಾಲರ್ ಆಗುತ್ತಿದ್ದ ಖರ್ಚು, ಒಂದು ವರ್ಷ ಮನೆಯಲ್ಲಿದ್ದ ನಂತರ 958 ಡಾಲರಿಗೆ ಇಳಿದಿತ್ತು. ಯಾರೂ ಬಿಡಿ ಎಂದು ಒತ್ತಾಯಿಸದಿದ್ದರೂ ಕುಡಿತವೂ ಸರಾಸರಿ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು.

ಈ ಡಾಲರ್ ಲೆಕ್ಕವನ್ನು ಎಲ್ಲ ಕಡೆ ಹಾಗೇ ಅಂಟಿಸಬಾರದು. ಉಳಿತಾಯ ಕಾಣುವುದು ಪದೇ ಪದೇ ಆಸ್ಪತ್ರೆ, ಜೈಲು ಸೇರುವವರಲ್ಲಿ. ಕೆನಡಾದಲ್ಲೂ ಅತಿ ಹೆಚ್ಚು ಖರ್ಚು ಮಾಡಿಸುತ್ತಿದ್ದ ಶೇ 10 ಜನರ ವಿಷಯದಲ್ಲಿ ಮಾತ್ರ ಹಾಕಿದ ಪ್ರತಿ 10 ಡಾಲರಿಗೆ 21 ಡಾಲರಿಗಿಂತ ಜಾಸ್ತಿ ಉಳಿತಾಯ ಸಿಕ್ಕಿತು. ಉಳಿದವರ ವಿಷಯದಲ್ಲಿ ಖರ್ಚಿನ ಒಂದು ಭಾಗ ಮಾತ್ರ ವಾಪಸ್ ಬಂತು. ಆದ್ದರಿಂದ 'ಇದರಿಂದ ದುಡ್ಡು ಉಳಿಯುತ್ತೆ' ಎಂದಷ್ಟೇ ಹೇಳಿ ಯೋಜನೆ ಮಾರುವ ಅಧಿಕಾರಿ ಎರಡನೇ ವರ್ಷ ಸಿಕ್ಕಿಹಾಕಿಕೊಳ್ಳುತ್ತಾರೆ. ಜನರಿಗೆ ಮನೆ ಸಿಗುತ್ತೆ, ಖರ್ಚು ಸ್ವಲ್ಪ ತಗ್ಗಬಹುದು ಎಂದು ನೆಟ್ಟಗೆ ಹೇಳುವುದೇ ಒಳ್ಳೆಯದು.

ಹಂಚಿಕೊಳ್ಳುವುದು ಏನನ್ನು?

ಸೆಂಬೆರಿಸ್ ಅವರ ಮೂಲ ಪದ್ಧತಿಯಲ್ಲಿ ಒಟ್ಟಿಗೆ ಇರುವ ಮನೆ ಇರಲೇ ಇಲ್ಲ. ಊರ ತುಂಬ ಚದುರಿದ ಮಾಮೂಲಿ ಬಾಡಿಗೆ ಮನೆಗಳಲ್ಲಿ ಒಬ್ಬೊಬ್ಬರನ್ನು ಇಡುತ್ತಿದ್ದರು. ಹಾಗಿದ್ದರೆ ಪಾಲಿಕೆಗಳು ಒಂದೇ ಕಟ್ಟಡಕ್ಕೆ ಯಾಕೆ ಹೋಗುತ್ತವೆ? ಮೊದಲ ಕಾರಣ, ಊರಲ್ಲಿ ಖಾಲಿ ಮನೆ ಸಿಗುವುದಿಲ್ಲ, ಸಿಕ್ಕರೂ ಮಾಲೀಕರು ಕೊಡುವುದಿಲ್ಲ. ಎರಡನೆಯದು, ಸಿಬ್ಬಂದಿ ಒಂದೇ ಕಡೆ ಇದ್ದರೆ ಓಡಾಟ ಕಡಿಮೆ. ಮೂರನೆಯದನ್ನು ಕಡತದಲ್ಲಿ ಬರೆಯುವವರು ಕಡಿಮೆ: ಒಂಟಿತನ. ಬೀದಿಯಲ್ಲಿ ಎಷ್ಟೇ ಕಷ್ಟ ಇದ್ದರೂ ಸುತ್ತ ಗೊತ್ತಿರುವ ಮುಖಗಳಿರುತ್ತವೆ. ನಾಲ್ಕು ಗೋಡೆಯೊಳಗೆ ಒಬ್ಬರೇ ಕೂತಾಗ ಕೆಲವರಿಗೆ ಮನೆಯೇ ಬೇಡ ಅನಿಸಿಬಿಡುತ್ತದೆ.

ಎರಡೂ ಬಗೆಯನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ವ್ಯಾಂಕೂವರ್. ಕೆನಡಾದ ಅಧ್ಯಯನದ ಭಾಗವಾಗಿ ಅಲ್ಲಿ ಕೆಲವರನ್ನು ಚದುರಿದ ಮನೆಗಳಲ್ಲೂ ಕೆಲವರನ್ನು ಬಾಸ್ಮನ್ ಎಂಬ ಹೋಟೆಲ್ ಕಟ್ಟಡದಲ್ಲೂ ಇರಿಸಿದರು. ಎರಡು ವರ್ಷದಲ್ಲಿ ಎರಡೂ ಗುಂಪಿನವರು ಸುಮಾರು ಮುಕ್ಕಾಲು ಪಾಲು ಸಮಯ ನೆಲೆಯಾಗಿದ್ದರು. ಮಾಮೂಲಿ ಸೇವೆ ಪಡೆದವರು ಕಾಲು ಪಾಲು ಸಮಯ ಮಾತ್ರ. ಅಂದರೆ ಒಟ್ಟಿಗೆ ಇರಿಸುವುದೇ ತಪ್ಪು ಅಂತೇನಿಲ್ಲ.

ಚಿಕ್ಕ ಪ್ರಮಾಣದಲ್ಲಿ ಮಾಡಿದ ಒಂದು ಒಳ್ಳೆಯ ಉದಾಹರಣೆ 'ಹೋಮ್ ಅಗೇನ್'. ಚೆನ್ನೈ ಮೂಲದ 'ದಿ ಬನ್ಯನ್' ಸಂಸ್ಥೆ 2015ರಲ್ಲಿ ಶುರುಮಾಡಿದ್ದು. ತೀವ್ರ ಮಾನಸಿಕ ಕಾಯಿಲೆಯಿಂದ ಬೀದಿಗೆ ಬಂದು, ಆಮೇಲೆ ವರ್ಷಗಟ್ಟಲೆ ಸಂಸ್ಥೆಗಳಲ್ಲಿ ಉಳಿದುಹೋದ ಹೆಂಗಸರು ಮಾಮೂಲಿ ಬೀದಿಯ ಬಾಡಿಗೆ ಮನೆಯಲ್ಲಿ ನಾಲ್ಕೈದು ಜನ ಸೇರಿ ಸಂಸಾರದ ಹಾಗೆ ಇರುತ್ತಾರೆ. ಅವರ ಜೊತೆಗೆ ನೋಡಿಕೊಳ್ಳಲು ಒಬ್ಬ ಸಹಾಯಕಿ. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ಮಾರ್ಗದರ್ಶಿಯಲ್ಲಿ ಇದನ್ನು ಒಳ್ಳೆಯ ಮಾದರಿಯಾಗಿ ಸೇರಿಸಿಕೊಂಡಿದೆ. ಇಲ್ಲಿ ಗಮನಿಸಬೇಕಾದದ್ದು ಸಂಖ್ಯೆ: ನಾಲ್ಕೈದು ಜನ, 40 ಅಲ್ಲ.

ಈಗ ನಮ್ಮ ಹಳೇ ಹೋಟೆಲ್ಲಿಗೆ ವಾಪಸ್ ಬರೋಣ. 40 ಜನಕ್ಕೆ ಒಂದು ದೊಡ್ಡ ಅಡುಗೆಮನೆ ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತದೆ, ಖರ್ಚೂ ಕಡಿಮೆ. ಆದರೆ ಅಲ್ಲಿಗೆ ಯಾರೂ ಒಡೆಯರಲ್ಲ. ಫ್ರಿಜ್ಜಿನಲ್ಲಿಟ್ಟ ಹಾಲು ಮಾಯವಾಗುತ್ತದೆ. ತೊಳೆಯದ ಪಾತ್ರೆ ಯಾರದ್ದು ಎಂದು ಗೊತ್ತಾಗುವುದಿಲ್ಲ. ಮೊದಲ ಜಗಳ ಶುರುವಾಗುವುದೇ ಅಲ್ಲಿ. ಆಮೇಲೆ ಸಿಬ್ಬಂದಿ ಅಡುಗೆಮನೆಗೆ ಬೀಗ ಹಾಕಿ, ಹೊತ್ತು ನಿಗದಿ ಮಾಡುತ್ತಾರೆ. ಅಲ್ಲಿಗೆ ಅದು ಮನೆಯಾಗಿ ಉಳಿಯಲಿಲ್ಲ, ಮತ್ತೆ ಹಾಸ್ಟೆಲ್ ಆಯಿತು ಅಲ್ವಾ? ಅದೇ ಜಾಗದಲ್ಲಿ ಐದಾರು ಕೋಣೆಗೊಂದು ಚಿಕ್ಕ ಅಡುಗೆಮನೆ ಮಾಡಿ, ಪ್ರತಿಯೊಬ್ಬರಿಗೂ ಬೀಗ ಇರುವ ಒಂದು ಕಪಾಟು, ಕೋಣೆಯಲ್ಲೇ ಒಂದು ಪುಟ್ಟ ಫ್ರಿಜ್ ಕೊಟ್ಟರೆ ಕಟ್ಟುವ ಖರ್ಚು ಏರುತ್ತದೆ, ಜಗಳ ಇಳಿಯುತ್ತದೆ. ಬಚ್ಚಲಿನ ಕಥೆಯೂ ಅಷ್ಟೇ. ನನ್ನನ್ನು ಕೇಳಿದರೆ, ದುಡ್ಡಿದ್ದರೆ ಮೊದಲು ಕೋಣೆಯೊಳಗೆ ಬಚ್ಚಲು, ಆಮೇಲೆ ಮಿಕ್ಕಿದ್ದೆಲ್ಲ. ಹಾಲ್, ತೋಟ, ಬಟ್ಟೆ ಒಗೆಯುವ ಜಾಗ ಇವನ್ನು ಹಂಚಿಕೊಳ್ಳಬಹುದು. ಹಾಸಿಗೆ, ಬಾಗಿಲು, ಶೌಚಾಲಯ ಹಂಚಿಕೊಳ್ಳಬೇಕಾಗಿ ಬಂದರೆ ಜನ ಬಿಟ್ಟುಹೋಗುತ್ತಾರೆ.

ಹೆಂಗಸರಿಗೆ ಬೇರೆ ಮಹಡಿ ಸಾಕಾಗುವುದಿಲ್ಲ, ಬೇರೆ ಬಾಗಿಲೇ ಬೇಕು. ಬೀದಿಗೆ ಬಂದ ಹೆಂಗಸರಲ್ಲಿ ಹಲವರು ಮನೆಯೊಳಗಿನ ಹೊಡೆತ ತಪ್ಪಿಸಿಕೊಂಡು ಬಂದವರು. ಗಂಡ ಹೆಂಡತಿ ಇಬ್ಬರೂ ಬೀದಿಯಲ್ಲಿದ್ದರೆ ಅವರಿಗೇನು? ನಾಯಿ ಇದ್ದರೆ? ನಾಯಿಯನ್ನು ಬಿಟ್ಟು ಬರಲ್ಲ ಎಂದು ತಂಗುದಾಣವನ್ನೇ ಬೇಡ ಅನ್ನುವವರಿದ್ದಾರೆ. ನೆಂಟರು, ಸ್ನೇಹಿತರು ಬರಬಹುದಾ, ರಾತ್ರಿ ಉಳಿಯಬಹುದಾ? ಇದೆಲ್ಲ ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟರೆ ರಾತ್ರಿ ಪಾಳಿಯ ಕಾವಲುಗಾರನೇ ಕಾನೂನು ಮಾಡುತ್ತಾನೆ.

ಬೆಂಬಲ ಹೆಸರಿಗಷ್ಟೇ ಆದರೆ

ಈ ಯೋಜನೆ ಹೇಗೆ ಕೆಡುತ್ತದೆ ಎಂದು ನೋಡಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನೋಡಿದರೆ ಸಾಕು. ಅಲ್ಲಿನ ನಿಯಮದ ಪ್ರಕಾರ, ವಾಸಿಸುವವರಿಗೆ ಆರೈಕೆಯನ್ನೋ ಬೆಂಬಲವನ್ನೋ ಕೊಡುವ ವಸತಿಗೆ, ಬಡವರ ಬಾಡಿಗೆಗೆಂದು ಸರ್ಕಾರ ಕೊಡುವ ಭತ್ಯೆಯ ಮಾಮೂಲಿ ಮಿತಿ ಅನ್ವಯಿಸುವುದಿಲ್ಲ. ಆ ಬೆಂಬಲ ಎಷ್ಟಿರಬೇಕು? ಕನಿಷ್ಠಕ್ಕಿಂತ ಒಂಚೂರು ಜಾಸ್ತಿ ಇದ್ದರೆ ಆಯಿತು. ಸಂಸಾರಗಳಿದ್ದ ಮಾಮೂಲಿ ಮನೆಗಳನ್ನು ಕೊಂಡು, ಕೋಣೆ ಕೋಣೆಯಾಗಿ ಒಡೆದು, ಮನೆಯಿಲ್ಲದವರನ್ನು, ಜೈಲಿನಿಂದ ಬಂದವರನ್ನು, ವ್ಯಸನದಿಂದ ಹೊರಬರಲು ಒದ್ದಾಡುತ್ತಿದ್ದವರನ್ನು ಒಟ್ಟಿಗೆ ತುಂಬಿ, ಏರಿಸಿದ ಬಾಡಿಗೆಯನ್ನು ಸರ್ಕಾರದಿಂದ ವಸೂಲಿ ಮಾಡುವ ದಂಧೆ ಬೆಳೆಯಿತು. ಆ ಒಂದೇ ನಗರದಲ್ಲಿ ಇಂಥ ಮನೆಗಳಲ್ಲಿದ್ದವರು 20,000ಕ್ಕೂ ಹೆಚ್ಚು. ಚೆನ್ನಾಗಿ ನಡೆಸುವ ಸಂಸ್ಥೆಗಳೂ ಇದ್ದವು. ಆದರೆ ಎಷ್ಟೋ ಮನೆಗಳಲ್ಲಿ ಬೆಂಬಲ ಅಂದರೆ ಯಾರೋ ಆಗಾಗ ಬಂದು ಮುಖ ತೋರಿಸಿ ಹೋಗುವುದು, ಅಷ್ಟೇ.

2022ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಸಮಿತಿಯೊಂದು ಇದರ ಬಗ್ಗೆ ಕಟುವಾದ ವರದಿ ಕೊಟ್ಟಿತು. 2023ರಲ್ಲಿ ಹೊಸ ಕಾಯ್ದೆ ಬಂತು. ಬೆಂಬಲ ವಸತಿಗೆ ರಾಷ್ಟ್ರೀಯ ಗುಣಮಟ್ಟ ಇರಬೇಕು, ನಡೆಸುವವರಿಗೆ ಸ್ಥಳೀಯ ಆಡಳಿತ ಪರವಾನಗಿ ಕೊಡಬೇಕು, ಊರಿಗೆ ಎಷ್ಟು ಬೇಕು ಎಂದು ಅದು ಮೊದಲೇ ಲೆಕ್ಕಹಾಕಿ ಯೋಜನೆ ಮಾಡಬೇಕು ಎನ್ನುವುದು ಅದರ ತಿರುಳು. ಪಾಲಿಕೆ ತಾನೇ ಯೋಜಿಸದೆ ಇದ್ದರೆ ಮಾರುಕಟ್ಟೆ ಯೋಜಿಸುತ್ತದೆ, ಅದೂ ಕೆಟ್ಟದಾಗಿ. ಹಾಗಾಗಿ ನಮ್ಮ ಕಡತದಲ್ಲಿ 'ಸೂಕ್ತ ಬೆಂಬಲ ಒದಗಿಸಲಾಗುವುದು' ಎಂಬ ಒಂದು ಸಾಲು ಕಂಡರೆ ಅಲ್ಲೇ ಕೆಂಪು ಗೆರೆ ಎಳೆಯಬೇಕು. ವಾರಕ್ಕೆ ಎಷ್ಟು ಗಂಟೆ, ಯಾರು, ಯಾವ ತರಬೇತಿ ಇರುವವರು, ಬರದಿದ್ದರೆ ಯಾರಿಗೆ ದೂರು? ಇದನ್ನು ಟೆಂಡರ್ ಕರಾರಿನಲ್ಲೇ ಬರೆಯಬೇಕು.

ಇನ್ನೊಂದು ವಿಷಯ. ಬಾಡಿಗೆ ವಸೂಲಿ ಮಾಡುವವರು ಮತ್ತು ಸಹಾಯ ಮಾಡುವವರು ಒಬ್ಬರೇ ಆಗಬಾರದು. 'ಮತ್ತೆ ಕುಡಿಯೋಕೆ ಶುರುಮಾಡಿದ್ದೀನಿ, ಏನಾದ್ರೂ ಮಾಡಿ' ಎಂದು ಮನೆ ಖಾಲಿ ಮಾಡಿಸುವ ಅಧಿಕಾರ ಇರುವವರ ಹತ್ತಿರ ಯಾರು ತಾನೇ ಹೇಳುತ್ತಾರೆ? ಕಟ್ಟಡ ನೋಡಿಕೊಳ್ಳಲು ಒಂದು ಸಂಸ್ಥೆ, ಬೆಂಬಲಕ್ಕೆ ಬೇರೆ ಸಂಸ್ಥೆ ಇದ್ದರೆ ಒಳ್ಳೆಯದು. ಅದು ಆಗದಿದ್ದರೆ ಕೊನೇಪಕ್ಷ ಬೇರೆ ಬೇರೆ ಜನ ಇರಬೇಕು.

ಮೂರು ಜೇಬಿನ ದುಡ್ಡು

ದುಡ್ಡಿನ ವಿಷಯದಲ್ಲಿ ಜನ ಗೊಂದಲ ಮಾಡಿಕೊಳ್ಳುವುದು ಮೂರು ಖರ್ಚನ್ನು ಒಂದೇ ಎಂದು ತಿಳಿಯುವುದರಿಂದ. ಕಟ್ಟಲು, ಕೊಳ್ಳಲು ಬೇಕಾದ ದುಡ್ಡು ಒಂದು ಜೇಬು. ಕಟ್ಟಡ ನಡೆಸಲು, ಅಂದರೆ ಕರೆಂಟು, ನೀರು, ರಿಪೇರಿ, ಕಾವಲು, ಬಾಡಿಗೆ ಬಾರದ ತಿಂಗಳ ಕೊರತೆ, ಇದು ಎರಡನೇ ಜೇಬು. ಬೆಂಬಲದ ಸಿಬ್ಬಂದಿ ಮೂರನೆಯದು. ಮೊದಲ ಜೇಬಿಗೆ ಅನುದಾನ ಸಿಗುವುದು ಅಷ್ಟು ಕಷ್ಟವಲ್ಲ. ಒಂದೇ ಸಲ ಕೊಟ್ಟರೆ ಮುಗಿಯಿತು, ಗೋಡೆಯ ಮೇಲೆ ಕಲ್ಲೂ ಹಾಕಿಸಬಹುದು. ಎರಡು ಮತ್ತು ಮೂರನೇ ಜೇಬಿಗೆ ಪ್ರತಿ ವರ್ಷ ತುಂಬಬೇಕು. ಅದಕ್ಕೆ ಯಾರೂ ಟೇಪ್ ಕತ್ತರಿಸುವುದಿಲ್ಲ.

'24 ಗಂಟೆಯೂ ಸಿಬ್ಬಂದಿ' ಎಂದು ಬರೆದಾಗ ಅದರ ಅರ್ಥ ಏನು ನೋಡಿ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 40 ಗಂಟೆ ಕೆಲಸ ಮಾಡಿದರೆ ಒಂದೇ ಒಂದು ಕುರ್ಚಿ ಖಾಲಿ ಬಿಡದೆ ಇಡಲು ನಾಲ್ಕಕ್ಕಿಂತ ಜಾಸ್ತಿ ಜನ ಬೇಕು. ರಜೆ, ಕಾಯಿಲೆ, ತರಬೇತಿ ಸೇರಿಸಿದರೆ ಐದು. ರಾತ್ರಿ ಒಬ್ಬರೇ ಇರುವುದು ಸುರಕ್ಷಿತ ಅಲ್ಲ ಎಂದು ಇಬ್ಬರನ್ನು ಹಾಕಿದರೆ ಇನ್ನೂ ಏರುತ್ತದೆ. ಇದು ಮುಂಬಾಗಿಲಿನ ಲೆಕ್ಕ ಮಾತ್ರ. ಜೊತೆಗೆ ಒಬ್ಬೊಬ್ಬರ ವಿಷಯ ನೋಡಿಕೊಳ್ಳುವ ಕೇಸ್ ವರ್ಕರ್‌ಗಳು ಬೇಕು. ತೀವ್ರ ಕಾಯಿಲೆ ಇರುವವರಿಗೆ 10 ಜನಕ್ಕೆ ಒಬ್ಬರು, ಅಷ್ಟು ಅಗತ್ಯ ಇಲ್ಲದವರಿಗೆ 20 ಜನಕ್ಕೆ ಒಬ್ಬರು ಎನ್ನುವುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಳತೆ. 40 ಜನರ ಕಡತದಲ್ಲಿ 'ಒಬ್ಬ ಸಮಾಜ ಕಾರ್ಯಕರ್ತ' ಎಂದಿದ್ದರೆ ಆ ಯೋಜನೆ ಕಾಗದದ ಮೇಲೇ ಮುಳುಗಿದೆ.

ಜಾಗ ಮತ್ತು ಅಕ್ಕಪಕ್ಕದವರು

ಒಂದೊಂದು ಕೋಣೆ, ಸೇರಿಕೊಂಡ ಬಚ್ಚಲು ಇರುವ ಅಗ್ಗದ ವಸತಿ ಹೊಸ ಯೋಚನೆಯೇನಲ್ಲ. ನ್ಯೂಯಾರ್ಕಿನಂಥ ನಗರಗಳಲ್ಲಿ ಬಡ ಕೆಲಸಗಾರರು ದಶಕಗಳ ಕಾಲ ಹೀಗೇ ಬದುಕಿದ್ದರು. ಇದು ಕೊಳಕು ಎಂದು 1955ರಲ್ಲಿ ಆ ನಗರ ಹೊಸದಾಗಿ ಕಟ್ಟುವುದನ್ನೇ ನಿಲ್ಲಿಸಿತು. ಇದ್ದವೂ ಒಂದೊಂದಾಗಿ ಕೆಡವಿಹೋದವು, ಬೇರೆಯಾಗಿ ಬದಲಾದವು. 1990ರ ದಶಕದ ಆರಂಭದಲ್ಲಿ ಅದೇ ನಗರದಲ್ಲಿ ರೊಸಾನ್ ಹ್ಯಾಗರ್ಟಿ ಅವರ 'ಕಾಮನ್ ಗ್ರೌಂಡ್' ಸಂಸ್ಥೆ ಪಾಳುಬಿದ್ದ ಟೈಮ್ಸ್ ಸ್ಕ್ವೇರ್ ಹೋಟೆಲನ್ನು 652 ಮನೆಗಳ ಬೆಂಬಲ ವಸತಿಯಾಗಿ ಮಾಡಿತು. ಅರ್ಧದಷ್ಟು ಬೀದಿಯಿಂದ ಬಂದವರಿಗೆ, ಉಳಿದದ್ದು ಕಡಿಮೆ ಸಂಬಳದ ಕೆಲಸಗಾರರಿಗೆ. ಹೀಗೆ ಬೆರೆಸಿದ್ದು ಜಾಣತನ. ಆ ಕಟ್ಟಡಕ್ಕೆ 'ಮನೆಯಿಲ್ಲದವರದ್ದು' ಎಂಬ ಹಣೆಪಟ್ಟಿ ಅಂಟಲಿಲ್ಲ. ನಮ್ಮ ಪಾಲಿಕೆಯೂ ಮೊದಲು ತನ್ನದೇ ಕಟ್ಟಡ ನಿಯಮಗಳನ್ನು ತೆಗೆದು ಓದಬೇಕು. ಸಂಬಂಧವಿಲ್ಲದ ಇಷ್ಟು ಜನ ಒಂದು ಮನೆಯಲ್ಲಿ ಇರಬಾರದು, ಪ್ರತಿ ಕೋಣೆಗೂ ಇಷ್ಟು ಕಾರ್ ಪಾರ್ಕಿಂಗ್ ಬೇಕು ಎಂಬಂಥ ಹಳೇ ನಿಯಮಗಳು ಒಳ್ಳೇ ಯೋಜನೆಯನ್ನು ಸದ್ದಿಲ್ಲದೆ ಕೊಲ್ಲುತ್ತವೆ.

ನೆರೆಯವರ ಭಯವನ್ನು ತಮಾಷೆ ಮಾಡಬಾರದು. ಮನೆಯ ಬೆಲೆ ಬಿದ್ದುಹೋಗುತ್ತೆ ಎನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫರ್ಮನ್ ಕೇಂದ್ರ 2008ರಲ್ಲಿ ಆ ನಗರದ ಬೆಂಬಲ ವಸತಿಗಳ ಸುತ್ತಲಿನ ಮನೆ ಮಾರಾಟಗಳನ್ನು ನೋಡಿತು. ಐನೂರು ಅಡಿ ಒಳಗಿನ ಮನೆಗಳ ಬೆಲೆಯೂ ವಸತಿ ತೆರೆದ ನಂತರ ಬಿದ್ದಿರಲಿಲ್ಲ, ಏರಿತ್ತು. ಆದರೆ ಬರೀ ಅಂಕಿ ಹೇಳಿದರೆ ಯಾರೂ ಸಮಾಧಾನ ಆಗುವುದಿಲ್ಲ. ರಾತ್ರಿ ಗಲಾಟೆಯಾದರೆ ಫೋನ್ ಎತ್ತುವವರು ಯಾರು, ಎಷ್ಟು ಹೊತ್ತಿನಲ್ಲಿ ಬರುತ್ತಾರೆ, ಇದನ್ನು ಬರೆದು ಕೊಟ್ಟರೆ ಅರ್ಧ ವಿರೋಧ ತಣ್ಣಗಾಗುತ್ತದೆ. ಹಾಗಂತ, ನಿಯಮದ ಪ್ರಕಾರ ಇರುವ ಮನೆಗೆ ಯಾರು ಬರಬೇಕು ಎಂದು ಅಕ್ಕಪಕ್ಕದವರ ಓಟು ಕೇಳುವುದು ತಪ್ಪು. ಬೇರೆ ಯಾವ ಬಾಡಿಗೆದಾರರಿಗೂ ನಾವು ಹಾಗೆ ಮಾಡುವುದಿಲ್ಲ.

ಇನ್ನು ಆಯ್ಕೆ. 40 ಕೋಣೆ, ಬೀದಿಯಲ್ಲಿ ನಾನೂರು ಜನ ಇದ್ದರೆ ಯಾರು ಮೊದಲು? ಸಾಲಿನಲ್ಲಿ ಮೊದಲು ನಿಂತವರಿಗೆ ಕೊಟ್ಟರೆ ಸಾಲಿನಲ್ಲಿ ನಿಲ್ಲಲಾರದವರು ಹೊರಗೇ ಉಳಿಯುತ್ತಾರೆ. ಅಮೆರಿಕದ ಹಲವು ಊರುಗಳು ಪ್ರಶ್ನೆ ಕೇಳಿ ಅಂಕ ಕೊಡುವ 'ವಿಐ-ಸ್ಪಿಡಾಟ್' ಎಂಬ ಪಟ್ಟಿಯನ್ನು ಬಳಸಿದವು. ಕರಿಯರಿಗೆ ಅದರಲ್ಲಿ ಕಡಿಮೆ ಅಂಕ ಬರುತ್ತದೆ ಎಂದು ಅಧ್ಯಯನಗಳು ತೋರಿಸಿದವು. ಅದನ್ನು ಮಾಡಿದವರೇ 2020ರಲ್ಲಿ ಇನ್ನು ಇದನ್ನು ಕೈಬಿಡುತ್ತೇವೆ ಎಂದರು. ಅಪರಿಚಿತ ಅಧಿಕಾರಿಯ ಮುಂದೆ ಮೊದಲ ಭೇಟಿಯಲ್ಲೇ 'ನಿಮಗೆ ಮಾನಸಿಕ ಕಾಯಿಲೆ ಇದೆಯಾ?' ಎಂದು ಕೇಳಿದರೆ ನಿಜ ಹೇಳುವವರು ಕಡಿಮೆ. ಬೀದಿಯಲ್ಲಿ ತಿಂಗಳುಗಟ್ಟಲೆ ಓಡಾಡಿ, ಹೆಸರು ಹಿಡಿದು ಗುರುತಿಸುವ ಕಾರ್ಯಕರ್ತರ ಪಟ್ಟಿಯೇ ಹೆಚ್ಚು ನಂಬಬಹುದಾದದ್ದು.

ಕೊನೆಗೆ ಎಣಿಕೆ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 1985ರಲ್ಲಿ ತಂಗುದಾಣಗಳ ಹಾಸಿಗೆ ಎರಡು ಸಾವಿರಕ್ಕೂ ಹೆಚ್ಚಿದ್ದವು. 2016ಕ್ಕೆ ಉಳಿದದ್ದು 52. 2008ರಲ್ಲಿ ಶುರುವಾದ ರಾಷ್ಟ್ರೀಯ ಯೋಜನೆಯಲ್ಲಿ ಹಾಸಿಗೆಗಳನ್ನು ತೆಗೆದು ಮನೆ ಮಾಡಿದರು. ಸಾಲ್ವೇಶನ್ ಆರ್ಮಿ ಎಂಬ ಸೇವಾಸಂಸ್ಥೆ ನಡೆಸುತ್ತಿದ್ದ 250 ಹಾಸಿಗೆಯ ತಂಗುದಾಣ ಸುಮಾರು 80 ಮನೆಗಳಾಯಿತು. ದೇಶದಲ್ಲಿ ಮನೆಯಿಲ್ಲದವರ ಸಂಖ್ಯೆ 1987ರಲ್ಲಿ 18,000ಕ್ಕೂ ಹೆಚ್ಚಿದ್ದದ್ದು 2023ಕ್ಕೆ ಮೂರೂವರೆ ಸಾವಿರದ ಆಸುಪಾಸಿಗೆ ಬಂತು. 2024ರಲ್ಲಿ ಮತ್ತೆ ಸ್ವಲ್ಪ ಏರಿತು. ಸರ್ಕಾರ ವಸತಿ ಭತ್ಯೆಗೆ ಕತ್ತರಿ ಹಾಕಿದ್ದೂ ಅದೇ ವರ್ಷ. ಅಷ್ಟು ಗಟ್ಟಿಯಾದ ವ್ಯವಸ್ಥೆಗೂ ಪ್ರತಿ ವರ್ಷದ ಜೇಬು ತುಂಬಲೇಬೇಕು.

ನಮ್ಮ ಪಾಲಿಕೆ ವರ್ಷದ ಕೊನೆಗೆ ಎಷ್ಟು ಜನಕ್ಕೆ ಕೋಣೆ ಕೊಟ್ಟೆವು ಎಂದಷ್ಟೇ ವರದಿ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಬಂದವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ, ಹೋದವರು ಬೇರೆ ಮನೆಗೆ ಹೋದರೋ ಬೀದಿಗೆ ಹೋದರೋ, ಎಷ್ಟು ಜನರನ್ನು ಹೊರಗೆ ಹಾಕಿದೆವು, ಯಾಕೆ? ಯಾರಾದರೂ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಾಗ ಅವರ ಕೋಣೆ ಅವರಿಗೇ ಇತ್ತಾ? ಚೆನ್ನಾಗಿ ಚೇತರಿಸಿಕೊಂಡವರಿಗೆ ಹೋಗಲು ಊರಲ್ಲಿ ಕಡಿಮೆ ಬಾಡಿಗೆಯ ಮಾಮೂಲಿ ಮನೆ ಇದೆಯಾ? ಇಲ್ಲದಿದ್ದರೆ ಕೋಣೆಗಳು ಖಾಲಿಯಾಗುವುದೇ ಇಲ್ಲ, ಮುಂದಿನ 40 ಜನಕ್ಕೆ ಮತ್ತೊಂದು ಹೋಟೆಲ್ ಹುಡುಕಬೇಕಾಗುತ್ತದೆ. ಆ ಕಡತವನ್ನೂ ಈಗಲೇ ಶುರುಮಾಡಬೇಕು.